ಬೋರ್ಗುಂಡ್ ಚರ್ಚಿನ ಮಾದರಿ: ಅಂಟು ಮೊಳೆಗಳಿಲ್ಲದೆ ಕಟ್ಟಿದ ಮರದ ಚೌಕಟ್ಟು

ನಾರ್ವೆಯ ಪಶ್ಚಿಮ ಭಾಗದ ಲೇರ್ಡಾಲ್ ಕಣಿವೆಯಲ್ಲಿ ಬೋರ್ಗುಂಡ್ ಎಂಬ ಊರಿದೆ. ಅಲ್ಲಿ ಸುಮಾರು 1180ರಲ್ಲಿ ಪೂರ್ತಿ ಮರದಿಂದಲೇ ಕಟ್ಟಿದ ಚರ್ಚು ಇಂದಿಗೂ ನಿಂತಿದೆ. ಅದರ 1:20 ಪ್ರಮಾಣದ ಮಾದರಿಯನ್ನು ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಕಟ್ಟುತ್ತಿದ್ದೇನೆ. ಚೌಕಟ್ಟು, ಗೋಡೆ, ಒಂದು ಬದಿಯ ಮಾಡು, ಕೆತ್ತನೆ ಇಷ್ಟು ಮುಗಿದಿದೆ. ಗಂಟೆಗೋಪುರ ಬಾಕಿ ಇದೆ. ಮರಗೆಲಸ ಬಲ್ಲವರಿಗೆ, ಹಳೆಯ ಕಟ್ಟಡಗಳ ಮೇಲೆ ಪ್ರೀತಿ ಇರುವವರಿಗೆ ಉಪಯೋಗವಾದೀತೆಂದು ಇಲ್ಲಿಯವರೆಗಿನ ಕೆಲಸವನ್ನು ಬರೆದಿಡುತ್ತಿದ್ದೇನೆ.

ಮಧ್ಯಯುಗದ ಯುರೋಪಿನ ಚರ್ಚು ಎಂದ ಕೂಡಲೇ ಕಣ್ಣ ಮುಂದೆ ಬರುವುದು ಕಲ್ಲಿನ ಗೋಪುರಗಳು, ಬಣ್ಣದ ಗಾಜಿನ ಕಿಟಕಿಗಳು. ನಾರ್ವೆಯ ಹಳ್ಳಿಗಳು ಹಿಡಿದದ್ದು ಬೇರೆ ದಾರಿ. ಹಡಗು ಕಟ್ಟಿ ಪಳಗಿದ ಆ ಜನ ದೇವರ ಮನೆಯನ್ನೂ ಮರದಲ್ಲಿಯೇ ಕಟ್ಟಿದರು. ಸ್ಟೇವ್ ಚರ್ಚ್ ಎಂದು ಕರೆಯುವ ಇಂಥ ಕಟ್ಟಡಗಳು ಒಂದು ಕಾಲಕ್ಕೆ ಆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಇದ್ದುವೆಂದು ಅಂದಾಜು. ಉಳಿದಿರುವುದು 28. ಅವುಗಳಲ್ಲಿ ಊರ್ನೆಸ್ ಊರಿನ ಚರ್ಚು 1979ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅದರ ಕೆತ್ತನೆ ಹೆಚ್ಚು ಹಳೆಯದು, ಹೆಚ್ಚು ಪ್ರಸಿದ್ಧ. ಆದರೂ ನಾನು ಬೋರ್ಗುಂಡನ್ನು ಆರಿಸಿಕೊಂಡೆ. ಚೌಕಟ್ಟನ್ನು ಅರಿಯಬೇಕೆನ್ನುವವನಿಗೆ ನಂತರದ ಕಾಲದ ಬದಲಾವಣೆಗಳಿಂದ ಇಷ್ಟೊಂದು ಮುಕ್ತವಾದ ಇನ್ನೊಂದು ಚರ್ಚು ಸಿಗುವುದು ಕಷ್ಟ.

ಕೆಲಸಕ್ಕೆ ಒಂದೇ ನಿಯಮ ಇಟ್ಟುಕೊಂಡೆ. ಚೌಕಟ್ಟಿನಲ್ಲಿ ಎಲ್ಲಿಯೂ ಅಂಟು ಹಾಕುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ಕಚ್ಚು, ತೋಡು, ನಾಲಿಗೆ, ಮರದ ಗೂಟ ಇವಿಷ್ಟರಿಂದಲೇ ಕಟ್ಟಡ ನಿಲ್ಲಬೇಕು. ಬೇಕೆಂದಾಗ ಬಿಚ್ಚಿ ಮತ್ತೆ ಜೋಡಿಸಲು ಬರಬೇಕು. ಇದು ಸುಮ್ಮನೆ ಹಟಕ್ಕೆ ಮಾಡಿಕೊಂಡ ನಿಯಮವಲ್ಲ. ವಾಂಗ್ ಎಂಬ ಊರಿನ ಸ್ಟೇವ್ ಚರ್ಚನ್ನು ಕೆಡವಿಬಿಡುವುದರಲ್ಲಿದ್ದಾಗ ಚಿತ್ರಕಾರ ಯೊಹಾನ್ ಕ್ರಿಶ್ಚಿಯನ್ ಡಾಲ್ ಅದನ್ನು ಉಳಿಸಲು ಓಡಾಡಿದರು. ಪ್ರಷ್ಯಾದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ ಅದನ್ನು ಕೊಂಡರು. ಬಿಡಿಬಿಡಿಯಾಗಿ ಕಳಚಿ, ಸಮುದ್ರ ದಾಟಿಸಿ, 1840ರ ದಶಕದ ಆರಂಭದಲ್ಲಿ ಸೈಲೀಶಿಯಾದ ಬೆಟ್ಟದ ಮೇಲೆ ಮತ್ತೆ ನಿಲ್ಲಿಸಿದರು. ಇಂದು ಆ ಜಾಗ ಪೋಲೆಂಡಿನ ಕಾರ್ಪಾಚ್ ಊರಿಗೆ ಸೇರಿದೆ. ಗೋಲ್ ಊರಿನ ಚರ್ಚನ್ನೂ 1880ರ ದಶಕದಲ್ಲಿ ಹೀಗೆಯೇ ಕಳಚಿ ಓಸ್ಲೋಗೆ ಒಯ್ದರು; ಅದರ ಹೊರರೂಪವನ್ನು ಮರುಕಟ್ಟುವಾಗ ಎದುರಿಗಿಟ್ಟುಕೊಂಡ ಮಾದರಿ ಬೋರ್ಗುಂಡಿನದೇ. ಹೀಗೆ ಕಳಚಿ ಒಯ್ಯಲು ಬರುವ ಕಟ್ಟಡದ ಮಾದರಿಯನ್ನು ಫೆವಿಕಾಲ್ ಹಚ್ಚಿ ನಿಲ್ಲಿಸಿದರೆ ಅದರ ಹೊರನೋಟ ಬಂದೀತು, ಒಳಗುಟ್ಟು ಬಾರದು.

ಮರ

ಮೂಲ ಕಟ್ಟಡ ನಿಧಾನವಾಗಿ ಬೆಳೆದ ಪೈನ್ ಮರದ ಚೇಗಿನದು. ನಮ್ಮಲ್ಲಿ ಪೈನನ್ನು ಹೊಸದಾಗಿ ಕೊಳ್ಳಬೇಕಾಗಿಲ್ಲ. ಹೊರದೇಶದಿಂದ ಯಂತ್ರಗಳನ್ನು ತುಂಬಿಕೊಂಡು ಬಂದ ಪೆಟ್ಟಿಗೆಗಳ ಹಲಗೆಗಳು ಗುಜರಿಯಲ್ಲಿ ರಾಶಿ ಬಿದ್ದಿರುತ್ತವೆ. ಆರಿಸುವಾಗ ಹಲಗೆಯ ತುದಿಯನ್ನು ನೋಡಬೇಕು. ಉಂಗುರಗಳು ಒತ್ತೊತ್ತಾಗಿದ್ದು ಹಲಗೆಯ ಮುಖಕ್ಕೆ ನೆಟ್ಟಗೆ ನಿಂತಿದ್ದರೆ ಆ ತುಂಡು ಸೊಟ್ಟಗಾಗುವುದಿಲ್ಲ. ಉಂಗುರಗಳು ಅಗಲವಾಗಿ ಬಿಲ್ಲಿನಂತೆ ಬಾಗಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟು ಬರುವುದೇ ಲೇಸು. ಸೀಳಿದ ತುಂಡುಗಳನ್ನು ಅಟ್ಟದ ಮೇಲೆ ಗಾಳಿಯಾಡುವಂತೆ ಅಡ್ಡಪಟ್ಟಿ ಇಟ್ಟು ಪೇರಿಸಿ, ಬೇಸಿಗೆ ಪೂರ್ತಿ ಹಾಗೆಯೇ ಬಿಟ್ಟಿದ್ದೆ.

ಕಂಬಗಳಿಗೆ 15 ಮಿಲಿಮೀಟರ್ ದಪ್ಪದ ಗುಂಡು ಕೋಲುಗಳು. ಕಡಗೋಲು ತಿರುಗಿಸುವಂತೆ ಯಂತ್ರಕ್ಕೆ ಕೊಟ್ಟು ಉರುಟಿಸಬಹುದಿತ್ತು. ಆದರೆ ಯಂತ್ರ ಮರದ ನಾರನ್ನು ಅಡ್ಡಡ್ಡ ಕಡಿಯುತ್ತದೆ. ಆದ್ದರಿಂದ ಚೌಕದ ಕೋಲನ್ನು ಎಂಟು ಮುಖಕ್ಕೆ, ಹದಿನಾರು ಮುಖಕ್ಕೆ ತಂದು, ಕೊನೆಗೆ ಸಣ್ಣ ಹತ್ತರಿಯಿಂದ ಉದ್ದುದ್ದಕ್ಕೆ ಕೀಸಿದೆ. ಕೈಯಿಂದ ಕೀಸಿದ ಕಂಬದ ಮೇಲೆ ಬೆಳಕು ಬಿದ್ದಾಗ ಕಾಣುವ ಸಣ್ಣ ಮುಖಗಳೇ ಅದರ ಚೆಲುವು.

ಬುಡ

ಸ್ಟೇವ್ ಚರ್ಚುಗಳ ಆಯುಷ್ಯದ ಗುಟ್ಟು ಬುಡದಲ್ಲಿದೆ. ಇವುಗಳಿಗಿಂತ ಮುಂಚಿನ ಮರದ ಚರ್ಚುಗಳಲ್ಲಿ ಕಂಬಗಳನ್ನು ನೇರವಾಗಿ ನೆಲದಲ್ಲಿ ಹೂಳುತ್ತಿದ್ದರು. ಊರ್ನೆಸ್ ಚರ್ಚಿನ ನೆಲದಡಿ ಅಗೆದಾಗ ಅಂಥ ಹಳೆಯ ಕಂಬದ ಗುಂಡಿಗಳೇ ಸಿಕ್ಕಿವೆ. ಮಣ್ಣಿನೊಳಗಿನ ಮರ ಒದ್ದೆಯಾಗಿ ಕೊಳೆಯುತ್ತದೆ, ಕಂಬ ಕುಸಿಯುತ್ತದೆ, ಕೆಲವು ತಲೆಮಾರುಗಳಲ್ಲಿಯೇ ಕಟ್ಟಡ ಮುಗಿಯುತ್ತದೆ. ಹನ್ನೆರಡನೆಯ ಶತಮಾನದ ಬಡಗಿಗಳು ಕಂಬವನ್ನು ಮಣ್ಣಿನಿಂದ ಮೇಲೆತ್ತಿದರು. ಕಲ್ಲಿನ ಪಾಯ, ಅದರ ಮೇಲೆ ಮಲಗಿಸಿದ ದಪ್ಪ ತೊಲೆಗಳು, ಆ ತೊಲೆಗಳ ಮೇಲೆ ಕಂಬಗಳು. ಕರಾವಳಿಯ ಹಳೆಯ ಮನೆಗಳ ಚಾವಡಿಯಲ್ಲಿ ಕಂಬಕ್ಕೆ ಕಲ್ಲಿನ ಬುಡ ಕೊಡುವುದು ಇದೇ ಕಾರಣಕ್ಕೆ. ಅಲ್ಲಿಯ ಶತ್ರು ಹಿಮದ ನೀರು, ಇಲ್ಲಿಯದು ಮಳೆ ಮತ್ತು ಗೆದ್ದಲು.

ಆದರೆ ಮಣ್ಣಿನಿಂದ ಎತ್ತಿದ ಕಂಬಕ್ಕೆ ಹೊಸ ಕಷ್ಟ ಬರುತ್ತದೆ. ಹೂತ ಕಂಬ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ, ಕಲ್ಲಿನ ಮೇಲಿಟ್ಟ ಕಂಬ ತಳ್ಳಿದರೆ ಬೀಳುತ್ತದೆ. ಬೋರ್ಗುಂಡಿನ ಇಡೀ ರಚನೆ ಈ ಒಂದು ಕಷ್ಟಕ್ಕೆ ಕೊಟ್ಟ ಉತ್ತರ ಎಂದು ಕೆಲಸ ಮಾಡುತ್ತ ಮಾಡುತ್ತ ನನಗೆ ಮನವರಿಕೆಯಾಯಿತು.

ಮೊದಲು ನಾಲ್ಕು ದೊಡ್ಡ ಪಾಯದ ತೊಲೆಗಳು: ಎರಡು ಉದ್ದಕ್ಕೆ, ಎರಡು ಅಡ್ಡಕ್ಕೆ. ಅವು ಒಂದನ್ನೊಂದು ಹಾಯುವ ಕಡೆ ಎರಡರಲ್ಲೂ ಅರ್ಧರ್ಧ ಕಡಿದು ಕೂರಿಸಬೇಕು. ತೊಲೆಗಳ ತುದಿಗಳು ಹಾಯ್ದ ಜಾಗದಲ್ಲಿಯೇ ನಿಲ್ಲದೆ ಹೊರಕ್ಕೆ ಚಾಚಿಕೊಂಡಿರುತ್ತವೆ. ಹೊರಗೋಡೆಯ ತೊಲೆಗಳು ಕೂರುವುದು ಈ ತುದಿಗಳ ಮೇಲೆ. ಅಂದರೆ ನಡುವಿನ ಎತ್ತರದ ಭಾಗವೂ ಸುತ್ತಲಿನ ತಗ್ಗಿನ ಭಾಗವೂ ಒಂದೇ ಬುಡದಿಂದ ಹೊರಡುತ್ತವೆ. ಪಾಯದ ಒಂದು ಮೂಲೆ ತುಸು ಕುಸಿದರೂ ಎರಡೂ ಭಾಗಗಳು ಒಟ್ಟಾಗಿಯೇ ಕುಸಿಯುತ್ತವೆ, ಬಿರುಕು ಬಿಡುವುದಿಲ್ಲ. ಮಾದರಿಯ ಒಂದು ಮೂಲೆಯ ಕಲ್ಲಿನಡಿಯಿಂದ ರಟ್ಟಿನ ತುಂಡನ್ನು ಎಳೆದು ತೆಗೆದು ಇದನ್ನು ನೋಡಿದೆ. ಚೌಕಟ್ಟು ಒಟ್ಟಾಗಿ ವಾಲಿತು, ಒಂದು ಕಚ್ಚೂ ಬಾಯಿ ಬಿಡಲಿಲ್ಲ.

ಅರ್ಧ ಕಡಿಯುವ ಕಚ್ಚಿಗೆ ಗರಗಸದ ಗೆರೆ ಗುರುತಿನ ಒಳಬದಿಯಲ್ಲಿಯೇ ಇರಬೇಕು. ಉಳಿದ ಕೂದಲೆಳೆಯಷ್ಟನ್ನು ಉಳಿಯಿಂದ ತೆಗೆಯಬೇಕು. ಸುತ್ತಿಗೆಯ ಹಿಡಿಯಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿದಾಗ ಕೂರುವಂತಿದ್ದರೆ ಹದ ಸರಿಯಿದೆ. ಕೈಯಿಂದ ಒತ್ತಿದರೇ ಕೂತುಬಿಟ್ಟರೆ ಮುಂದೆ ಮರ ಒಣಗಿದಾಗ ಸಡಿಲವಾಗುತ್ತದೆ.

ನಡುವಿನ ಚೌಕಟ್ಟು

ಇಲ್ಲಿ ನಿಧಾನವಾಗಿ ಹೋಗುತ್ತೇನೆ, ಏಕೆಂದರೆ ಕಟ್ಟಡದ ಜೀವ ಇರುವುದು ಇಲ್ಲಿ.

ಪಾಯದ ತೊಲೆಗಳ ಮೇಲೆ ಆಯಾಕಾರದಲ್ಲಿ ಎತ್ತರದ ಕಂಬಗಳು ಏಳುತ್ತವೆ. ನೆಲದಿಂದ ಮೇಲಿನ ಮಾಡಿನವರೆಗೂ ಹೆಚ್ಚಿನವು ಅಖಂಡ ಮರ. ಇವುಗಳ ತಲೆಗೆ ಸುತ್ತಲೂ ಒಂದು ತೊಲೆ ಕೂರುತ್ತದೆ. ಬರೀ ಇಷ್ಟನ್ನು ಜೋಡಿಸಿ ನಿಲ್ಲಿಸಿ ಒಂದು ಪರೀಕ್ಷೆ ಮಾಡಿದೆ. ಚೌಕಟ್ಟಿನ ತಲೆಗೆ ದಾರ ಕಟ್ಟಿ, ಮೇಜಿನ ಅಂಚಿನ ಸಣ್ಣ ರಾಟೆಯ ಮೇಲಿಂದ ಇಳಿಬಿಟ್ಟು, ಅರ್ಧ ಕಿಲೋ ಬಟ್ಟನ್ನು ನೇತುಹಾಕಿದೆ. ಗಾಳಿ ಒಂದು ಬದಿಯಿಂದ ತಳ್ಳುವುದಕ್ಕೆ ಇದು ಬದಲಿ. ಚೌಕಟ್ಟು ಎರಡು ಬೆರಳಿನಗಲ ವಾಲಿ ಕಿರುಗುಟ್ಟಿತು. ಬಟ್ಟನ್ನು ತೆಗೆದ ಮೇಲೂ ಪೂರ್ತಿ ನೆಟ್ಟಗಾಗಲಿಲ್ಲ.

ಮುಂದಿನ ಹಂತ ಕಂಬ ಕಂಬಗಳ ನಡುವೆ ಕಮಾನಿನಂತೆ ಬಾಗಿದ ಮರದ ಮೊಣಕಾಲುಗಳು. ಕಂಬ ಮತ್ತು ಅಡ್ಡತೊಲೆ ಕೂಡುವ ಮೂಲೆಯನ್ನು ಇವು ಬಿಗಿಹಿಡಿಯುತ್ತವೆ. ನೇರ ಹಲಗೆಯಿಂದ ಕಮಾನಿನ ಆಕಾರ ಕತ್ತರಿಸಿದರೆ ನಾರು ಅಡ್ಡಕ್ಕೆ ತುಂಡಾಗಿ, ಒತ್ತಡ ಬಿದ್ದ ಕೂಡಲೇ ಸೀಳುತ್ತದೆ. ಆದ್ದರಿಂದ ಅಲ್ಲಿಯ ಬಡಗಿಗಳು ಕಾಂಡ ಬೇರಾಗಿ ತಿರುಗುವ ಜಾಗದಲ್ಲಿ ತಾನಾಗಿಯೇ ಬಾಗಿ ಬೆಳೆದ ಮರವನ್ನು ಹುಡುಕಿ ತರುತ್ತಿದ್ದರು. ಹಡಗು ಕಟ್ಟುವವರ ವಿದ್ಯೆ ಇದು. ನಮ್ಮೂರಿನಲ್ಲಿ ಹಿಂದೆ ಮೀನುಗಾರಿಕೆಯ ದೋಣಿ ಕಟ್ಟುತ್ತಿದ್ದ ಹಿರಿಯ ಆಚಾರ್ಯರಿಗೆ ಬೋರ್ಗುಂಡಿನ ಒಳಗಿನ ಚಿತ್ರವನ್ನು ತೋರಿಸಿದೆ. ಅವರು ಮೊದಲು ಬೆರಳಿಟ್ಟದ್ದೇ ಈ ಮೊಣಕಾಲುಗಳ ಮೇಲೆ. “ಇದು ಹಲಗೆಯಲ್ಲಿ ಕೊರೆದದ್ದಲ್ಲ ಮಾರಾಯರೆ, ಬೆಳೆದದ್ದು. ನಾರು ನೋಡಿ, ಹೇಗೆ ತಿರುಗಿದೆ!” ಎಂದರು. ದೋಣಿಯ ಪಕ್ಕೆಗಳಿಗೆ ಅವರೂ ಬಾಗಿದ ಕೊಂಬೆಗಳನ್ನೇ ಅರಸಿ ತರುತ್ತಿದ್ದವರು.

ನನ್ನ ಅಳತೆಗೆ ಪೇರಳೆ ಗಿಡದ ಕವಲು ಸರಿಹೋಯಿತು. ಕವಣೆಗೆ ಮಕ್ಕಳು ಆರಿಸುವುದೂ ಅದನ್ನೇ, ಏಕೆಂದರೆ ಅದು ಕವಲಿನಲ್ಲಿ ಸೀಳುವುದಿಲ್ಲ. ಕಿರುಬೆರಳಿನ ದಪ್ಪದ ಕವಲುಗಳನ್ನು ಕಡಿದು, ಸಿಪ್ಪೆ ತೆಗೆದು, ಎರಡೂ ತುದಿಗೆ ಮೇಣ ಮೆತ್ತಿ ನೆರಳಿನಲ್ಲಿ ಒಣಗಿಸಬೇಕು. ಮೇಣ ಮೆತ್ತದಿದ್ದರೆ ತುದಿಯಿಂದ ಬಿರಿಯುತ್ತದೆ. ಒಣಗಿದ ಮೇಲೆ ಎರಡು ಕಡೆ ಚಪ್ಪಟೆಯಾಗಿ ಕೀಸಿ, ಒಳಗಿನ ಬಾಗನ್ನು ಗುಂಡು ಅರದಿಂದ ತಿದ್ದಿ, ಬಿದಿರಿನ ಗೂಟ ಹೊಡೆದೆ. ಪೈನಿಗಿಂತ ಬಿದಿರು ಗಟ್ಟಿ. ಇಷ್ಟು ತೆಳ್ಳಗಿನ ಗೂಟಕ್ಕೆ ಅದೇ ಯೋಗ್ಯ. ಮೊಣಕಾಲು ಕೂತ ಮೇಲೆ ಅದೇ ಅರ್ಧ ಕಿಲೋ ನೇತುಹಾಕಿದರೆ ಚೌಕಟ್ಟು ಅರ್ಧ ಬೆರಳಿನಷ್ಟು ಮಾತ್ರ ವಾಲಿತು, ಬಟ್ಟು ತೆಗೆದ ಕೂಡಲೇ ಹಿಂದಕ್ಕೆ ಬಂತು.

ಕಮಾನುಗಳ ಮೇಲೆ ಬರುವುದು ಗುಣಾಕಾರದ ಕಟ್ಟು. ಕಂಬದಿಂದ ಕಂಬಕ್ಕೆ ಅಡ್ಡಲಾಗಿ, ಕೆಳಗೊಂದು ಮೇಲೊಂದು ತೊಲೆಯ ಸಾಲು. ಈ ತೊಲೆಗಳು ಜೋಡಿಯಾಗಿದ್ದು ಕಂಬವನ್ನು ಒಳಗಿನಿಂದಲೂ ಹೊರಗಿನಿಂದಲೂ ಇಕ್ಕಳದಂತೆ ಹಿಡಿಯುತ್ತವೆ. ಎರಡು ಸಾಲುಗಳ ನಡುವಿನ ಒಂದೊಂದು ಅಂಕಣದಲ್ಲೂ ಕರ್ಣಗಳಂತೆ ಹಾಯುವ ಎರಡು ಮರಗಳು. ಸಂತ ಆಂಡ್ರ್ಯೂನ ಶಿಲುಬೆ ಎಂದು ಇದಕ್ಕೆ ಹೆಸರು. ಈ ಚರ್ಚು ಸಮರ್ಪಿತವಾಗಿರುವುದೂ ಅದೇ ಸಂತನಿಗೆ. ಒಳಗೆ ನಿಂತು ನೋಡಿದವರಿಗೆ ಈ ಸಾಲು ಕಲ್ಲಿನ ದೊಡ್ಡ ಚರ್ಚುಗಳ ಮೇಲಂತಸ್ತಿನ ಮೊಗಸಾಲೆಯಂತೆ ಕಾಣುತ್ತದೆ. ಅಲ್ಲಿ ಓಡಾಡಲು ಜಾಗವಿಲ್ಲ. ಕಲ್ಲಿನ ವಾಸ್ತುವಿನ ರೂಪವನ್ನು ಮರದಲ್ಲಿ ತಂದಿದ್ದಾರೆ, ಆದರೆ ಆ ಅಲಂಕಾರದ ಕೈಗೆ ಭಾರ ಹೊರುವ ಕೆಲಸವನ್ನೂ ಕೊಟ್ಟಿದ್ದಾರೆ. ಶಿಲುಬೆಗಳನ್ನೂ ಜೋಡಿತೊಲೆಗಳನ್ನೂ ಕೂರಿಸಿ ಬಟ್ಟು ನೇತುಹಾಕಿದಾಗ ಚೌಕಟ್ಟಿನ ತಲೆ ಅಕ್ಕಿಕಾಳಿನಷ್ಟೂ ಸರಿಯಲಿಲ್ಲ. ಒಂದು ಕಿಲೋ ಹಾಕಿದೆ, ಎರಡು ಹಾಕಿದೆ. ಚೌಕಟ್ಟಿಗಿಂತ ಮೊದಲು ಮೇಜು ಅಲುಗಿತು. ಆ ಹೊತ್ತಿನ ಸಂತೋಷವನ್ನು ಬರೆದು ತಿಳಿಸುವುದು ಕಷ್ಟ. ಕಟ್ಟಡದ ಬಲವನ್ನು ಲೆಕ್ಕಹಾಕುವ ಸೂತ್ರಗಳಿಲ್ಲದ ಕಾಲದಲ್ಲಿ, ಹಡಗಿನ ಹೊಟ್ಟೆಯಲ್ಲಿ ಗಾಳಿಯ ಹೊಡೆತವನ್ನು ಅನುಭವಿಸಿ ಅರಿತ ಕೈಗಳು ಇದನ್ನು ಕಂಡುಕೊಂಡಿದ್ದವು.

ಗೋಡೆ

ಹೊರಗೋಡೆ ಇದಕ್ಕಿಂತ ಸರಳ, ಆದರೆ ಅಷ್ಟೇ ಜಾಣತನದ್ದು. ನಾಲ್ಕು ಮೂಲೆಗಳಲ್ಲಿ ನಾಲ್ಕು ಕಂಬ, ಕೆಳಗೆ ತೊಲೆ, ಮೇಲೆ ತೊಲೆ. ಈ ಚೌಕಟ್ಟಿನೊಳಗೆ ಹಲಗೆಗಳು ನೆಟ್ಟಗೆ ನಿಲ್ಲುತ್ತವೆ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ತೋಡಿನೊಳಗೆ. ಹಲಗೆಗಳ ಕೆಳತುದಿ ಮತ್ತು ಮೇಲ್ತುದಿ ತೊಲೆಗಳಲ್ಲಿ ಕೊರೆದ ತೋಡಿನೊಳಗೆ. ಯಾವ ಹಲಗೆಯನ್ನೂ ಗೂಟ ಹೊಡೆದು ಬಂಧಿಸಿಲ್ಲ.

ಇದರ ಬೆಲೆ ತಿಳಿಯಲೆಂದು ಬೇಕೆಂದೇ ಎರಡು ತುಂಡು ಗೋಡೆ ಮಾಡಿದೆ. ಒಂದರಲ್ಲಿ ಹಲಗೆಗಳು ತೋಡಿನಲ್ಲಿ ಸಡಿಲ, ಇನ್ನೊಂದರಲ್ಲಿ ಎಲ್ಲವೂ ಅಂಟಿಸಿದ್ದು. ಎರಡನ್ನೂ ಆಷಾಢದ ಮಳೆಯಲ್ಲಿ ಜಗಲಿಯ ಅಂಚಿನಲ್ಲಿ ಇಟ್ಟೆ, ಆಮೇಲೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದೆ. ಅಂಟಿಸಿದ ತುಂಡು ಮಳೆಯಲ್ಲಿ ಉಬ್ಬಿ ಹೊರಬಾಗಿತು, ಒಣಗುವಾಗ ನಡುವೆ ಉದ್ದಕ್ಕೆ ಸೀಳಿತು. ಸಡಿಲ ಹಲಗೆಯ ತುಂಡಿನಲ್ಲಿ ಹಲಗೆಗಳು ಉಬ್ಬಿದಾಗ ನಾಲಿಗೆ ತೋಡಿನೊಳಗೆ ಇನ್ನಷ್ಟು ಹೋಯಿತು, ಒಣಗಿದಾಗ ಹೊರಬಂತು. ಗೋಡೆ ಗೋಡೆಯಾಗಿಯೇ ಉಳಿಯಿತು. ಮರ ಉಸಿರಾಡಲು ಜಾಗ ಬಿಟ್ಟದ್ದರಿಂದ ಇನ್ನೊಂದು ಅನುಕೂಲವೂ ಇದೆ: ಒಂದು ಹಲಗೆ ಹಾಳಾದರೆ ಅದೊಂದನ್ನೇ ಬದಲಿಸಬಹುದು.

ಹಲಗೆಯ ದಪ್ಪ ಮಾದರಿಯಲ್ಲಿ 4 ಮಿಲಿಮೀಟರ್. ಇಷ್ಟು ತೆಳ್ಳಗಿನದಕ್ಕೆ ತೋಡು ಕೊರೆಯುವ ಹತ್ತರಿ ಅಂಗಡಿಯಲ್ಲಿ ಸಿಗುವುದಿಲ್ಲ. ಮುರಿದ ಹ್ಯಾಕ್ಸಾ ಬ್ಲೇಡಿನ ತುಂಡನ್ನು ಸಾಗುವಾನಿಯ ಹಿಡಿಯಲ್ಲಿ ಕೂರಿಸಿ, ಪಕ್ಕಕ್ಕೆ ಒಂದು ಪಟ್ಟಿಯ ಆಸರೆ ಕೊಟ್ಟರೆ ಅದೇ ಸಾಕು. ನಾಲಿಗೆಗೆ ಎರಡೂ ಬದಿಯಿಂದ ಉಳಿಯಲ್ಲಿ ತೆಳ್ಳಗೆ ಕೀಸಬೇಕು.

ಗೋಡೆಗೆ ಹೊರಗೊಂದು ಮೊಗಸಾಲೆ ಸುತ್ತುವರಿದಿದೆ, ಅದಕ್ಕೂ ತನ್ನದೇ ಮಾಡು. ಮಳೆ ಹಿಮಗಳು ಮುಖ್ಯ ಗೋಡೆಯ ಬುಡದ ತೊಲೆಯನ್ನು ಮುಟ್ಟದಂತೆ ಅದು ಕಾಯುತ್ತದೆ. ಕಟ್ಟಡದಲ್ಲಿ ಮೊದಲು ಕೊಳೆಯುವುದು ಆ ತೊಲೆಯೇ ಆದ್ದರಿಂದ, ನೋಡಲು ಸಾಧಾರಣವಾದ ಈ ಮೊಗಸಾಲೆಗೆ ನಾನು ತುಂಬಾ ಗೌರವ ಕೊಡುತ್ತೇನೆ.

ಮಾಡು, ಕೆತ್ತನೆ

ಮಾಡಿನ ಕೈಮರಗಳು ಕತ್ತರಿಯಂತೆ ಒಂದನ್ನೊಂದು ಹಾಯುತ್ತವೆ, ಹಾಯುವ ಜಾಗದ ಕೆಳಗೆ ಒಂದು ಅಡ್ಡಪಟ್ಟಿ. ಇಳಿಜಾರು ಬಹಳ ಕಡಿದು, ಹಿಮ ನಿಲ್ಲಬಾರದು. ನೆಲದಿಂದ ಮೇಲಕ್ಕೆ ಮೊಗಸಾಲೆಯ ಮಾಡು, ಪಕ್ಕದ ಹಜಾರದ ಮಾಡು, ನಡುವಿನ ಎತ್ತರದ ಮಾಡು, ಅದರ ಮೇಲೆ ಸಣ್ಣ ಗೋಪುರ ಹೀಗೆ ಅಂತಸ್ತು ಅಂತಸ್ತಾಗಿ ಏರುತ್ತದೆ. ಹಜಾರದ ಮಾಡು ಎರಡೂ ಬದಿಯಿಂದ ನಡುವಿನ ಚೌಕಟ್ಟಿಗೆ ಒರಗಿ ಆಸರೆಯನ್ನೂ ಕೊಡುತ್ತದೆ. ಈಗ ಕಾಣುವುದು ಮರದ ಹೆಂಚು. ಮೊದಲಿಗೆ ಉದ್ದುದ್ದ ಹಲಗೆಗಳನ್ನು ಹೊದಿಸಿದ್ದಿರಬೇಕು ಎನ್ನುತ್ತಾರೆ. ನಾನು ದಕ್ಷಿಣದ ಬದಿಗೆ ಮಾತ್ರ ಹೆಂಚು ಹೊದಿಸಿದೆ. ಉತ್ತರದ ಬದಿ ತೆರೆದೇ ಇರುತ್ತದೆ, ಕೈಮರಗಳೂ ಶಿಲುಬೆಗಳೂ ಕಾಣಬೇಕಲ್ಲ. ಹೆಂಚುಗಳನ್ನು ಗರಗಸದಿಂದ ಕೊಯ್ಯದೆ ಸೀಳಿ ತೆಗೆದೆ. ಸೀಳಿದ ಮರದಲ್ಲಿ ನಾರು ಮುರಿಯುವುದಿಲ್ಲ, ನೀರು ನಾರಿನಗುಂಟ ಇಳಿದುಹೋಗುತ್ತದೆ.

ಮಾಡಿನ ತುದಿಗಳಲ್ಲಿ ಬಾಯ್ತೆರೆದು ಹೊರಕ್ಕೆ ಚಾಚಿದ ನಾಲ್ಕು ಡ್ರ್ಯಾಗನ್ ತಲೆಗಳಿವೆ, ಶಿಲುಬೆಗಳೂ ಇವೆ. ಪಶ್ಚಿಮದ ಬಾಗಿಲಿನ ಚೌಕಟ್ಟಿನಲ್ಲಿ ಬಳ್ಳಿ ಬಳ್ಳಿಯಾಗಿ ಹೆಣೆದುಕೊಂಡ ಕೆತ್ತನೆ, ಅದರ ನಡುವೆ ರೆಕ್ಕೆಯ ಡ್ರ್ಯಾಗನ್‌ಗಳು. ಇದಕ್ಕೆ ಬೇಕಾದ ಸಣ್ಣ ಗುಂಡುಳಿಯನ್ನು ಹಳೆಯ ಕೊಡೆಯ ಕಡ್ಡಿಯಿಂದ ಮಾಡಿಕೊಂಡೆ. ಆ ಕಡ್ಡಿ ಕಾಲುವೆಯಾಕಾರದಲ್ಲಿಯೇ ಇರುತ್ತದೆ. ತುದಿಯನ್ನು ಓರೆಯಾಗಿ ಸಾಣೆ ಹಿಡಿದು ಹಿಡಿಯಲ್ಲಿ ಕೂರಿಸಿದರೆ ಒಂದು ಮಿಲಿಮೀಟರಿನ ಬಳ್ಳಿಯನ್ನೂ ಬಿಡಿಸಬಹುದು. ಕೆತ್ತನೆಯ ಹಲಗೆಗೆ ಮಾತ್ರ ಪೈನ್ ಬಿಟ್ಟು ಹಾಲೆ ಮರ ಹಿಡಿದೆ. ಚನ್ನಪಟ್ಟಣದ ಬೊಂಬೆಗಳ ಮರ ಅದು, ನಾರು ನಯ, ಎತ್ತ ತಿರುಗಿಸಿದರೂ ಉಳಿಗೆ ಒಗ್ಗುತ್ತದೆ. ಮೂಲ ಬಾಗಿಲಿನ ಬಳಿ ಯಾರೋ ತೋರ್ ಎಂಬವನು, ಸಂತ ಓಲಾವನ ಹಬ್ಬದ ಸಂಜೆ ತಾನು ಇದನ್ನು ಬರೆದೆನೆಂದು ಉತ್ತರ ಯುರೋಪಿನ ಹಳೆಯ ರೂನ್ ಲಿಪಿಯಲ್ಲಿ ಗೀರಿಟ್ಟಿದ್ದಾನೆ. ಈ ಅಳತೆಯಲ್ಲಿ ಆ ಅಕ್ಷರಗಳನ್ನು ತರಲಾಗದು.

ಒಳಗೆ ಪೀಠಗಳ ಸಾಲು ಇಟ್ಟಿಲ್ಲ. ಮಧ್ಯಯುಗದಲ್ಲಿ ಜನ ನಿಂತೇ ಪೂಜೆಯಲ್ಲಿ ಪಾಲ್ಗೊಳ್ಳುತ್ತಿದ್ದರು. ನಂತರದ ಶತಮಾನಗಳಲ್ಲಿ ಸೇರಿದ ಆಸನಗಳು, ದೊಡ್ಡ ಕಿಟಕಿಗಳು, ಒಳಗಿನ ಮೇಲಂತಸ್ತಿನ ಮೊಗಸಾಲೆಗಳನ್ನು ಹತ್ತೊಂಬತ್ತನೆಯ ಶತಮಾನದ ಜೀರ್ಣೋದ್ಧಾರದಲ್ಲಿ ತೆಗೆದುಬಿಟ್ಟರು. ಬೆಳಕಿಗೆ ಮೇಲೆ ಮಾಡಿನಡಿಯ ಸಣ್ಣ ದುಂಡು ರಂಧ್ರಗಳಷ್ಟೇ. ಆ ಕಾಲದಲ್ಲಿಯೇ ಚರ್ಚು ಇಲ್ಲವಾಗುವ ಸಾಧ್ಯತೆಯೂ ಇತ್ತು. ಚರ್ಚು ತನ್ನ ವ್ಯಾಪ್ತಿಯ ಜನರಲ್ಲಿ ಹತ್ತರಲ್ಲಿ ಮೂರು ಪಾಲಿಗೆ ಜಾಗ ಕೊಡುವಷ್ಟು ದೊಡ್ಡದಿರಬೇಕೆಂದು 1851ರಲ್ಲಿ ನಾರ್ವೆ ಕಾನೂನು ಮಾಡಿತು. ಹಳೆಯ ಮರದ ಚರ್ಚುಗಳು ಚಿಕ್ಕವು; ಎಷ್ಟೋ ಕಡೆ ಕೆಡವಿ ಹೊಸದು ಕಟ್ಟಿದರು. ಬೋರ್ಗುಂಡಿನವರು 1868ರಲ್ಲಿ ಹೊಸ ಚರ್ಚನ್ನು ಪಕ್ಕದಲ್ಲಿ ಕಟ್ಟಿದರು, ಹಳೆಯದು ಉಳಿಯಿತು. 1877ರಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಇರುವ ಸಂಘ ಅದನ್ನು ಕೊಂಡಿತು, ಇಂದಿಗೂ ಆ ಸಂಘವೇ ನೋಡಿಕೊಳ್ಳುತ್ತಿದೆ.

ಡಾಂಬರು

ಬೋರ್ಗುಂಡಿನ ಕಪ್ಪು ಬಣ್ಣ ಪೈನ್ ಮರವನ್ನೇ ಸುಟ್ಟು ಇಳಿಸಿದ ಡಾಂಬರಿನದು. ಕೆಲವು ವರ್ಷಗಳಿಗೊಮ್ಮೆ ಅದನ್ನು ಬಳಿಯುತ್ತಲೇ ಇರಬೇಕು, ಬಿಸಿಲು ಬೀಳುವ ದಕ್ಷಿಣದ ಗೋಡೆಗೆ ಬೇಗ. ಮಾದರಿಗೆ ಎರಡು ಬಗೆ ಹಚ್ಚಿ ನೋಡಿದೆ. ಒಂದು, ಕುದುರೆಯ ಗೊರಸಿಗೆ ಹಚ್ಚಲು ಮಾರುವ ಪೈನ್ ಡಾಂಬರನ್ನು ಅಗಸೆ ಎಣ್ಣೆ ಮತ್ತು ಟರ್ಪೆಂಟೈನಿನಲ್ಲಿ ತೆಳುಮಾಡಿದ್ದು. ಇನ್ನೊಂದು, ನಮ್ಮ ದೋಣಿಗಳಿಗೂ ಪಕಾಸಿಗಳಿಗೂ ಹಚ್ಚುವ ಗೇರೆಣ್ಣೆ. ಗೇರೆಣ್ಣೆ ಚೆನ್ನಾಗಿ ಒಳಗಿಳಿಯುತ್ತದೆ, ಗೆದ್ದಲು ಹತ್ತಿರ ಬರುವುದಿಲ್ಲ, ಆದರೆ ಬಣ್ಣ ಕೆಂಪು ಮಿಶ್ರಿತ ಕಂದು. ಕೈಗೆ ತಗುಲಿದರೆ ಚರ್ಮ ಸುಡುತ್ತದೆ, ರಬ್ಬರಿನ ಕೈಗವಸು ಇಲ್ಲದೆ ಮುಟ್ಟಬಾರದು. ಹೊರಗೆ ಪೈನ್ ಡಾಂಬರು ಹಚ್ಚಿದೆ, ಕಾಣದ ಪಾಯದ ತೊಲೆಗಳ ಅಡಿಗೆ ಗೇರೆಣ್ಣೆ ಕೊಟ್ಟೆ. ಒಳಭಾಗ ಬರೀ ಮರ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅವು ತಾವಾಗಿಯೇ ಕಾದು ಹೊತ್ತಿಕೊಳ್ಳಬಲ್ಲವು. ಬಿಡಿಸಿ ಬಿಸಿಲಿನಲ್ಲಿ ಹರವಿ ಒಣಗಿಸಿ. ನೂರಾರು ವರ್ಷ ಡಾಂಬರು ಕುಡಿದ ಮರಕ್ಕೆ ಬೆಂಕಿಗಿಂತ ದೊಡ್ಡ ಭಯ ಇಲ್ಲ. ಬರ್ಗೆನ್ ನಗರದ ಫಾಂಟಾಫ್ಟ್ ಚರ್ಚಿಗೆ 1992ರ ಜೂನ್ 6ರಂದು ಕಿಡಿಗೇಡಿಗಳು ಬೆಂಕಿಯಿಟ್ಟರು, ಪೂರ್ತಿ ಸುಟ್ಟುಹೋಯಿತು. ಈಗ ಅಲ್ಲಿರುವುದು 1997ರಲ್ಲಿ ಮುಗಿದ ಮರುಕಟ್ಟಡ.

ಮುಂದಿನದು

ಚರ್ಚಿನ ದಕ್ಷಿಣಕ್ಕೆ ಬಿಡಿಯಾಗಿ ನಿಂತ ಗಂಟೆಗೋಪುರವಿದೆ, ಹದಿಮೂರನೆಯ ಶತಮಾನದ ಮಧ್ಯಭಾಗದ್ದೆಂದು ನಂಬಿಕೆ. ಇದೇ ಕಂಬ-ಹಲಗೆಯ ಕ್ರಮದಲ್ಲಿ ಕಟ್ಟಿದ ಬಿಡಿ ಗಂಟೆಗೋಪುರ ನಾರ್ವೆಯಲ್ಲಿ ಉಳಿದಿರುವುದು ಇದೊಂದೇ. ಗಂಟೆ ಎರಕ ಹೊಯ್ದ ಗುಂಡಿಯ ಕುರುಹು ಅದರೊಳಗೆಯೇ ಇದೆ. ಒಳಗಿನದನ್ನು ಕಾಪಾಡಲು 1990ರ ದಶಕದಲ್ಲಿ ಹೊರಗೆ ಹೊಸ ಗೋಡೆ ಕಟ್ಟಿದ್ದಾರೆ. ಆ ಹೊಸ ಗೋಡೆಯನ್ನು ಎತ್ತಿ ತೆಗೆಯುವಂತೆ ಬೇರೆಯಾಗಿ ಮಾಡಬೇಕೆಂದಿದ್ದೇನೆ. ಅದರ ಮೂಲೆಗಂಬಗಳಿಗೆ ಬೇಕಾದ ಪೈನ್ ತುಂಡುಗಳು ಅಟ್ಟದ ಮೇಲೆ ಒಣಗುತ್ತಿವೆ. ಮಳೆಗಾಲ ಕಳೆದು ಮರದ ತೇವ ಇಳಿದ ಮೇಲೆ ಪಾಯದ ತೊಲೆಯಿಂದ ಶುರು ಮಾಡುತ್ತೇನೆ.